ಲೋಬಾನದ ನಾಡಿನಲ್ಲಿ ಒಂದು ಶ್ರಾವಣ

ಖರೀಫ್ ಎಂಬ ಮಾತು ನಮ್ಮ ರೈತ ಬಂಧುಗಳಿಗೆ ಹೊಸದಲ್ಲ. ಮುಂಗಾರಿ ಬೆಳೆಗೆ ಕೃಷಿ ಇಲಾಖೆಯ ಕಾಗದಪತ್ರಗಳಲ್ಲಿ ಖಾರಿಫ್ ಬೆಳೆಯೆಂದೇ ಹೆಸರು. ಈ ಮಾತು ಅರಬ್ಬೀ ಭಾಷೆಯದು, ಅದರ ಮೂಲ ಅರ್ಥ ಶರತ್ಕಾಲ ಎಂಬುದನ್ನು ಮಾತ್ರ ನಾವು ಅಷ್ಟಾಗಿ ಗಮನಿಸಿದವರಲ್ಲ. ಅರಬ್ಬರ ನಾಡಿನಲ್ಲಿಯೇ ಈ ಮಾತನ್ನು ಮಳೆಗಾಲಕ್ಕೆ ಬಳಸುವ ಒಂದು ಸೀಮೆಯಿದೆ. ಒಮಾನ್ ದೇಶದ ದಕ್ಷಿಣದ ತುದಿಯಲ್ಲಿರುವ ದೋಫಾರ್ ಪ್ರಾಂತವೇ ಅದು. ನಮ್ಮ ಸಹ್ಯಾದ್ರಿಗೆ ಬಂದು ಅಪ್ಪಳಿಸುವ ನೈಋತ್ಯ ಮಾರುತವೇ ಜೂನ್ ಕೊನೆಯ ವಾರದಿಂದ ಸೆಪ್ಟೆಂಬರ್ ನಡುವಿನವರೆಗೆ ಆ ಕರಾವಳಿಯ ಬೆಟ್ಟಗಳನ್ನೂ ನೆನೆಸುತ್ತದೆ. ಉಳಿದ ಅರಬಸ್ತಾನವೆಲ್ಲ 45 ಡಿಗ್ರಿಯ ಬಿಸಿಲಿನಲ್ಲಿ ಬೇಯುತ್ತಿರುವಾಗ ದೋಫಾರದ ಬೆಟ್ಟಗಳು 25 ಡಿಗ್ರಿಯ ತಂಪಿನಲ್ಲಿ, ಮಂಜಿನ ಮುಸುಕು ಹೊದ್ದು, ಹಸುರು ಹುಲ್ಲಿನಿಂದ ತುಂಬಿರುತ್ತವೆ.

2024ರ ಶ್ರಾವಣ ಮಾಸದಲ್ಲಿ ನಾವು ಅಲ್ಲಿದ್ದೆವು. ನಮ್ಮ ಸೋದರನು ಹನ್ನೆರಡು ವರ್ಷಗಳಿಂದ ಆ ಪ್ರಾಂತದ ಮುಖ್ಯ ಪಟ್ಟಣವಾದ ಸಲಾಲಾದಲ್ಲಿ ಇಂಜಿನಿಯರ್ ಆಗಿದ್ದಾನೆ. ಒಮ್ಮೆ ಬಂದು ಹೋಗಿರೆಂದು ಅವನು ಕರೆಯುತ್ತಲೇ ಇದ್ದ. ಎಪ್ಪತ್ತನಾಲ್ಕು ವಯಸ್ಸಿನ ನಮ್ಮ ತಾಯಿಯವರು ಒಪ್ಪದ ಕಾರಣ ಪ್ರಯಾಣ ವರ್ಷದಿಂದ ವರ್ಷಕ್ಕೆ ಮುಂದೆ ಹೋಗುತ್ತಿತ್ತು. ಅವರ ಪ್ರಶ್ನೆ ಒಂದೇ.

"ಅಲ್ಲಿ ನನ್ನ ಪೂಜಿ ಸಾಗತೈತೇನಪಾ?"

"ಸಾಗತೈತಿ ಬೇ ಅವ್ವ. ನಿನ್ನ ಲಿಂಗ ನಿನ್ನ ಅಂಗೈಯಾಗ ಇರತೈತಿ, ಯಾರು ಬ್ಯಾಡ ಅಂತಾರ?" ಎಂಬುದು ಅವನ ಉತ್ತರ. ಅಂಗೈಯಲ್ಲಿಯೇ ದೇವರನ್ನು ಹೊತ್ತು ನಡೆಯುವ ನಮಗೆ ಗುಡಿಯಿಲ್ಲದ ಊರು ಎಂಬುದೊಂದಿಲ್ಲವೆಂದು ಅವರಿಗೆ ತಿಳಿಯದೆ? ಆದರೂ ಮನಸ್ಸು ಒಪ್ಪಬೇಕಲ್ಲ. ಕೊನೆಗೆ ಮೊಮ್ಮಗಳನ್ನು ನೋಡುವ ಆಸೆಯೇ ಗೆದ್ದಿತು. ಖಡಕ್ ರೊಟ್ಟಿ, ಶೇಂಗಾ ಚಟ್ನಿ, ಗುರೆಳ್ಳು ಚಟ್ನಿ, ಎರಡು ಗಟ್ಟಿ ವಿಭೂತಿ, ಇವನ್ನೆಲ್ಲ ಕಟ್ಟಿಕೊಂಡು ಆಗಸ್ಟ್ ಮೊದಲ ವಾರದಲ್ಲಿ ಬೆಂಗಳೂರಿನಿಂದ ಹೊರಟೆವು.

ಬೆಂಗಳೂರಿನಿಂದ ರಾಜಧಾನಿ ಮಸ್ಕತ್‌ಗೆ ಸುಮಾರು ಮೂರೂವರೆ ಗಂಟೆಯ ವಿಮಾನ ಪ್ರಯಾಣ. ಅಲ್ಲಿ ಒಂದು ದಿನ ತಂಗಿದೆವು. ಹಳೆಯ ಮಸ್ಕತ್‌ನಲ್ಲಿ, ಸುಲ್ತಾನರ ಅಲ್ ಆಲಂ ಅರಮನೆಯ ಸಮೀಪದಲ್ಲಿಯೇ ಮೋತೀಶ್ವರ ಮಹಾದೇವನ ದೇವಾಲಯವಿದೆ. ಗುಜರಾತಿನ ಕಚ್ಛದಿಂದ ಬಂದು ನೆಲಸಿದ ವರ್ತಕರ ಕಾಲದಿಂದ ನಡೆದು ಬಂದ ಗುಡಿ ಇದು. 2018ರ ಫೆಬ್ರವರಿಯಲ್ಲಿ ಪ್ರಧಾನಿ ನರೇಂದ್ರ ಮೋದಿಯವರೂ ಇಲ್ಲಿಗೆ ಬಂದಿದ್ದರು. ಶಿವರಾತ್ರಿಯಂದು ಸಾವಿರಾರು ಜನ ಸಾಲುಗಟ್ಟಿ ನಿಲ್ಲುತ್ತಾರಂತೆ. ಒಬ್ಬ ಮುಸಲ್ಮಾನ ದೊರೆಯ ಅರಮನೆಯ ನೆರೆಯಲ್ಲಿ ಶಿವನ ಗಂಟೆ ನಿಶ್ಚಿಂತೆಯಾಗಿ ಬಾರಿಸುವುದನ್ನು ಕೇಳಿದ ಮೇಲೆ ನಮ್ಮ ತಾಯಿಯವರ ಮುಖದಲ್ಲಿದ್ದ ಬಿಗುವು ಸ್ವಲ್ಪ ಸಡಿಲಿತು.

ಮಸ್ಕತ್‌ನಿಂದ ಸಲಾಲಾಕ್ಕೆ ರಸ್ತೆಯಲ್ಲಿ ಹೋದರೆ ಸುಮಾರು ಸಾವಿರ ಕಿಲೋಮೀಟರ್. ವಿಮಾನದಲ್ಲಿ ಒಂದೂವರೆ ಗಂಟೆ. ಆ ಒಂದೂವರೆ ಗಂಟೆಯ ಬಹುಪಾಲು ಕೆಳಗೆ ಕಾಣುವುದು ಬೋಳು ಮರಳುಗಾಡು; ಒಂದು ಮರವಿಲ್ಲ, ಒಂದು ಕೆರೆಯಿಲ್ಲ. ಕೊನೆಯ ಹತ್ತು ನಿಮಿಷದಲ್ಲಿ ವಿಮಾನ ಬಿಳಿಯ ಮೋಡದೊಳಗೆ ಮುಳುಗಿತು. ಮೇಲೆದ್ದು ನೋಡಿದರೆ ಗಾಜಿನ ಮೇಲೆ ಸೋನೆಮಳೆಯ ಹನಿಗಳು! ಇಳಿದು ಹೊರಗೆ ಬಂದರೆ ರಸ್ತೆಯ ಎರಡೂ ಬದಿ ತೆಂಗಿನ ತೋಟ, ಬಾಳೆ, ಪಪ್ಪಾಯಿ. ತೋಟದ ಮುಂದೆ ಸಾಲಾಗಿ ಎಳನೀರಿನ ಅಂಗಡಿಗಳು. ಅಂಗಡಿಯವರಲ್ಲಿ ಹಲವರು ಕೇರಳದವರು, ಬಾಂಗ್ಲಾದವರು. "ಇದೇನ್ ಕುಮಟಾ ಬಂತೇನು?" ಎಂದು ತಾಯಿಯವರು ಕೇಳಿದಾಗ ನಾವೆಲ್ಲ ನಕ್ಕೆವು.

ಈ ತೆಂಗು ಇಂದು ನಿನ್ನೆಯದಲ್ಲ. 14ನೆಯ ಶತಮಾನದಲ್ಲಿ ಇಲ್ಲಿಗೆ ಬಂದಿದ್ದ ಮೊರಕ್ಕೋ ದೇಶದ ಪ್ರವಾಸಿ ಇಬ್ನ್ ಬತೂತ, ತೆಂಗನ್ನೂ ವೀಳ್ಯದೆಲೆಯನ್ನೂ ಹಿಂದೂಸ್ಥಾನ ಬಿಟ್ಟರೆ ಈ ಊರಿನಲ್ಲಿ ಮಾತ್ರ ಕಾಣಬಹುದೆಂದು ಬರೆದಿದ್ದಾನೆ. ಇಲ್ಲಿಂದ ಒಳ್ಳೆಯ ಜಾತಿಯ ಕುದುರೆಗಳನ್ನು ಹಡಗಿನಲ್ಲಿ ಹಿಂದೂಸ್ಥಾನಕ್ಕೆ ಸಾಗಿಸುತ್ತಾರೆ, ಗಾಳಿ ಅನುಕೂಲವಾಗಿದ್ದರೆ ಒಂದು ತಿಂಗಳ ಪಯಣವೆಂದೂ ಹೇಳಿದ್ದಾನೆ. ಭಟ್ಕಳ, ಹೊನ್ನಾವರದ ಬಂದರುಗಳಲ್ಲಿ ಇಳಿದು ವಿಜಯನಗರದ ಲಾಯಗಳನ್ನು ಸೇರಿದ ಅರಬ್ಬೀ ಕುದುರೆಗಳನ್ನು ನೆನೆದರೆ ಈ ದೂರದ ತೀರ ನಮಗೆ ಅಷ್ಟೇನೂ ಪರಕೀಯವಲ್ಲ. ಸಲಾಲಾದಲ್ಲಿಯೇ ಒಂದು ಹಳೆಯ ಗೋರಿಯನ್ನು ಕೇರಳದ ಅರಸ ಚೇರಮಾನ್ ಪೆರುಮಾಳನದೆಂದು ಜನ ನಂಬಿ ಬಂದಿದ್ದಾರೆ. ಮಲಯಾಳಿಗಳು ತಪ್ಪದೆ ಅಲ್ಲಿಗೆ ಹೋಗುತ್ತಾರೆ. ನಾವೂ ಹೋಗಿಬಂದೆವು.

ದೋಫಾರದ ನಿಜವಾದ ಹೆಸರು ಉಳಿದಿರುವುದು ಮಾತ್ರ ಲೋಬಾನದಿಂದ. ಬಾಣಂತಿಗೂ ಕೂಸಿಗೂ ಎರೆದ ಮೇಲೆ ಕೆಂಡದ ಮೇಲೆ ಲೋಬಾನ ಹಾಕಿ ಹೊಗೆ ಕೊಡುವ ಪದ್ಧತಿ ನಮ್ಮ ಮನೆಗಳಲ್ಲಿ ಎಲ್ಲಿಲ್ಲ? ಆ ಲೋಬಾನ ಎಂಬ ಹೆಸರು ಅರಬ್ಬೀ ಭಾಷೆಯ 'ಲುಬಾನ್' ಎಂಬುದರಿಂದ ಬಂದದ್ದು. ನಮ್ಮ ಸಂತೆಯಲ್ಲಿ ಆ ಹೆಸರಿನಿಂದ ಸಿಗುವ ಸರಕು ಬಹುಮಟ್ಟಿಗೆ ಬೇರೊಂದು ಮರದ್ದು. ಸುಮಾತ್ರಾ ಕಡೆಯಿಂದ ಬಂದು ಇದೇ ಹೆಸರನ್ನು ಎರವಲು ಪಡೆದದ್ದು. ನಿಜವಾದ ಲುಬಾನ್ ದೊರೆಯುವುದು ದೋಫಾರದಲ್ಲಿ, ಯೆಮೆನ್ ಮತ್ತು ಸೊಮಾಲಿಯಾದ ಕೆಲವೆಡೆಗಳಲ್ಲಿ.

ಸೋಜಿಗವೆಂದರೆ, ಈ ಮರ ಮಳೆ ಬೀಳುವ ಬೆಟ್ಟದಲ್ಲಿ ಬೆಳೆಯುವುದಿಲ್ಲ. ಸಲಾಲಾದಿಂದ ತುಮ್ರೈತ್ ಕಡೆಗೆ ಉತ್ತರದ ರಸ್ತೆ ಹಿಡಿದು ಬೆಟ್ಟ ಹತ್ತಿದೆವು. ಮಂಜಿನಲ್ಲಿ ಹತ್ತು ಮಾರು ಮುಂದೆ ಕಾಣದು. ಕಾರಿನ ದೀಪ ಹಚ್ಚಿಕೊಂಡೇ ಹೋಗಬೇಕು. ಎರಡೂ ಕಡೆ ಮೊಣಕಾಲೆತ್ತರದ ಹುಲ್ಲು. ಬೆಟ್ಟದ ನೆತ್ತಿ ದಾಟಿದ್ದೇ ತಡ, ಯಾರೋ ಚಾಕುವಿನಿಂದ ಕತ್ತರಿಸಿದಂತೆ ಹಸುರು ನಿಂತುಹೋಯಿತು. ಮಂಜಿಲ್ಲ, ಹುಲ್ಲಿಲ್ಲ, ಕಣ್ಣು ಕುಕ್ಕುವ ಬಿಸಿಲು, ಬರಿಯ ಕಲ್ಲು. ಆ ಕಲ್ಲುಗಾಡಿನಲ್ಲಿ, ಸಲಾಲಾದಿಂದ ಸುಮಾರು 40 ಕಿಲೋಮೀಟರ್ ದೂರದ ವಾದಿ ದವ್ಕಾ ಎಂಬ ಒಣಹಳ್ಳದಲ್ಲಿ ಲುಬಾನಿನ ಮರಗಳಿವೆ. ಆಳೆತ್ತರಕ್ಕಿಂತ ತುಸು ಮಿಗಿಲಾದ, ಬುಡದಿಂದಲೇ ಕವಲೊಡೆದ, ಸುಕ್ಕು ಎಲೆಯ, ಕಾಗದದಂತೆ ಸಿಪ್ಪೆ ಏಳುವ ಕುರುಚಲು ಗಿಡ. ದಾರಿಯಲ್ಲಿ ಕಂಡರೆ ನಾವು ಎರಡನೆಯ ಸಲ ತಿರುಗಿ ನೋಡಲಾರೆವು. ಇದಕ್ಕಾಗಿಯೇ ರೋಮ್ ಸಾಮ್ರಾಜ್ಯ ಚಿನ್ನ ಸುರಿಯಿತೆಂದರೆ ನಂಬುವುದು ಕಷ್ಟ.

'ಮನ್ಕಾಫ್' ಎಂಬ ಚಿಕ್ಕ ಉಳಿಯಂತಹ ಆಯುಧದಿಂದ ತೊಗಟೆಯನ್ನು ಅಲ್ಲಲ್ಲಿ ಕೆರೆಯುತ್ತಾರೆ. ಹಾಲಿನಂತಹ ಅಂಟು ಒಸರಿ ಹನಿಗಟ್ಟುತ್ತದೆ. ಮೊದಲ ಸಲದ ಅಂಟು ಕೀಳು ದರ್ಜೆಯದು. ಎರಡು ವಾರ ಬಿಟ್ಟು ಮತ್ತೆ ಕೆರೆದು, ಇನ್ನೊಮ್ಮೆ ಕೆರೆದು ಬಂದದ್ದಕ್ಕೆ ಬೆಲೆ. ಹಸುರು ಛಾಯೆಯ, ತಿಳಿಯಾದ ಹೊಜರಿ ಎಂಬ ಬಗೆಗೆ ಎಲ್ಲಕ್ಕಿಂತ ಹೆಚ್ಚು ಬೆಲೆ. ಅದನ್ನು ಸುಡುವುದಷ್ಟೇ ಅಲ್ಲ, ರಾತ್ರಿ ನೀರಿನಲ್ಲಿ ನೆನೆಯಿಟ್ಟು ಬೆಳಿಗ್ಗೆ ಆ ನೀರನ್ನು ಕುಡಿಯುವವರೂ ಇದ್ದಾರೆ. ಮರಕ್ಕೆ ಪದೇ ಪದೇ ಗಾಯ ಮಾಡಿದರೆ ಅದು ಸೊರಗುತ್ತದೆ, ಬೀಜ ಕಟ್ಟುವುದಿಲ್ಲ. ಹುಟ್ಟಿದ ಸಸಿಯನ್ನು ಒಂಟೆ ಮೇಯುತ್ತದೆ. ಆದ್ದರಿಂದಲೇ ವಾದಿ ದವ್ಕಾಕ್ಕೆ ಬೇಲಿ ಹಾಕಿ ಕಾಪಾಡಿದ್ದಾರೆ. 2000ದಲ್ಲಿ ಯುನೆಸ್ಕೋ ಸಂಸ್ಥೆಯು ಈ ಹಳ್ಳವನ್ನೂ, ಲುಬಾನ್ ವ್ಯಾಪಾರದ ಮೂರು ಪ್ರಾಚೀನ ಸ್ಥಳಗಳಾದ ಅಲ್ ಬಲೀದ್, ಸುಮ್ಹುರಂ, ಶಿಸ್ರ್‌ಗಳನ್ನೂ ವಿಶ್ವ ಪರಂಪರೆಯ ಪಟ್ಟಿಗೆ ಸೇರಿಸಿತು.

ಈ ಪೈಕಿ ಸುಮ್ಹುರಂ ನಮಗೆ ಬಹಳ ಹಿಡಿಸಿತು. ಸಲಾಲಾದಿಂದ ಪೂರ್ವಕ್ಕೆ, ತಾಖಾ ಎಂಬ ಮೀನುಗಾರರ ಊರು ದಾಟಿದರೆ ಖೋರ್ ರೋರಿ ಎಂಬ ಹಿನ್ನೀರು. ಅದರ ದಂಡೆಯ ದಿನ್ನೆಯ ಮೇಲೆ ಕಲ್ಲಿನ ಕೋಟೆಯೂರು. ಕ್ರಿಸ್ತಪೂರ್ವ 3ನೆಯ ಶತಮಾನದಲ್ಲಿ ಯೆಮೆನ್‌ನ ಹದ್ರಮೌತ್ ಅರಸರು ಕಟ್ಟಿಸಿದ ಬಂದರು ಇದು. ಮುಂದೆ ಮರಳಿನ ದಿಬ್ಬ ಹಿನ್ನೀರಿನ ಬಾಯಿ ಮುಚ್ಚಿತು, ಊರು ಹಾಳಾಯಿತು. ಎರಡು ಸಾವಿರ ವರ್ಷಗಳ ಹಿಂದಿನ ಗ್ರೀಕ್ ನಾವಿಕನೊಬ್ಬನ ಕೈಪಿಡಿಯಲ್ಲಿ, ಭರುಕಚ್ಛದಿಂದಲೂ ದಕ್ಷಿಣ ಹಿಂದೂಸ್ಥಾನದ ಕರಾವಳಿಯಿಂದಲೂ ಬಂದು ಋತು ತಪ್ಪಿದ ಹಡಗುಗಳು ಇಲ್ಲಿ ತಂಗಿ, ಬಟ್ಟೆ, ಗೋಧಿ, ಎಳ್ಳೆಣ್ಣೆಗಳನ್ನು ಕೊಟ್ಟು ಲುಬಾನನ್ನು ಒಯ್ಯುತ್ತಿದ್ದವೆಂದು ಹೇಳಿದೆ. ಅಮೆರಿಕದ ಸಂಶೋಧಕರು 1950ರ ದಶಕದಲ್ಲಿ ಅಗೆದಾಗ ನಮ್ಮ ದೇಶದ ಕಂಚಿನ ಸಾಲಭಂಜಿಕೆಯ ವಿಗ್ರಹವೊಂದು ಇಲ್ಲಿ ಸಿಕ್ಕಿತು. ಇಟಲಿಯ ವಿದ್ವಾಂಸರ ಉತ್ಖನನದಲ್ಲಿ ತಮಿಳು ಬ್ರಾಹ್ಮಿ ಅಕ್ಷರಗಳನ್ನು ಕೊರೆದ ಮಡಕೆಯ ಚೂರು ಸಿಕ್ಕಿದೆ. ಯಾವನೋ ವರ್ತಕ ತನ್ನ ಪಾತ್ರೆ ಬೇರೆಯವರ ಪಾತ್ರೆಯೊಡನೆ ಬೆರೆಯದಿರಲೆಂದು ಹೆಸರು ಕೊರೆದುಕೊಂಡನೆಂದು ಕಾಣುತ್ತದೆ. ನಮ್ಮ ಮನೆಯ ಹೆಣ್ಣುಮಕ್ಕಳು ತಟ್ಟೆ ತಂಬಿಗೆಗಳ ಮೇಲೆ ಹೆಸರು ಹಾಕಿಸುವುದು ನೆನಪಾಯಿತು.

ನಮ್ಮ ಅಷ್ಟವಿಧಾರ್ಚನೆಯಲ್ಲಿ ಧೂಪವೂ ಇದೆ, ತಾಂಬೂಲವೂ ಇದೆ. ಇವೆರಡೂ ಬೆಳೆಯುವ ಅರಬ್ಬೀ ನಾಡೊಂದಿದೆಯೆಂದು ಶ್ರಾವಣದ ಪ್ರವಚನದಲ್ಲಿ ಯಾರೂ ನಮಗೆ ಹೇಳಿರಲಿಲ್ಲ!

ಇನ್ನು ಬೆಟ್ಟದ ವಿಚಾರ. ಸಲಾಲಾ ಬಯಲನ್ನು ಅರ್ಧಚಂದ್ರಾಕಾರವಾಗಿ ಮೂರು ಬೆಟ್ಟಸಾಲುಗಳು ಸುತ್ತುವರಿದಿವೆ. ಪಶ್ಚಿಮಕ್ಕೆ ಜಬಲ್ ಅಲ್ ಕಮರ್, ನಡುವೆ ಜಬಲ್ ಕರಾ, ಪೂರ್ವಕ್ಕೆ ಜಬಲ್ ಸಮ್ಹಾನ್. ಮಳೆಯ ಮರ್ಮವನ್ನು ಸೋದರನು ವಿವರಿಸಿದ. ನೈಋತ್ಯದ ಗಾಳಿ ತೀರದ ಗುಂಟ ಬೀಸುವಾಗ ಮೇಲಿನ ಬೆಚ್ಚನೆಯ ನೀರು ಕಡಲೊಳಗೆ ಸರಿಯುತ್ತದೆ, ತಳದ ತಣ್ಣೀರು ಮೇಲೇಳುತ್ತದೆ. ಆ ತಣ್ಣೀರಿನ ಮೇಲೆ ಹಾಯ್ದ ತೇವದ ಗಾಳಿ ಮಂಜಾಗುತ್ತದೆ. ಮೇಲೆ ಮರಳುಗಾಡಿನ ಬಿಸಿಗಾಳಿ ಮುಚ್ಚಳದಂತೆ ಒತ್ತಿರುವುದರಿಂದ ಮಂಜು ಮೇಲೇರಲಾರದು, ಬೆಟ್ಟ ದಾಟಲಾರದು. ಮೂರು ತಿಂಗಳು ಬೆಟ್ಟಕ್ಕೆ ಅಂಟಿಕೊಂಡು ಕೂರುತ್ತದೆ. ದೊಡ್ಡ ಮಳೆ ಎಂಬುದಿಲ್ಲ, ಬರಿಯ ಜಿನುಗು. ಆದರೆ ಮರದ ಎಲೆಗಳು ಮಂಜನ್ನು ಹಿಡಿದು ಹನಿಹನಿಯಾಗಿ ಬುಡಕ್ಕೆ ಇಳಿಸುತ್ತವೆ. ಮರವೇ ತನ್ನ ಮಳೆಯನ್ನು ತಾನು ತರಿಸಿಕೊಳ್ಳುತ್ತದೆ. ಮರ ಹೋದರೆ ಆ ನೀರೂ ಹೋಯಿತು. ಈ ಮರಗಳಲ್ಲಿ ಮುಖ್ಯವಾದುದು ನಮ್ಮ ದಿಂಡಿಗದ ಹತ್ತಿರದ ಬಳಗ. ಅಂಟಿನುಂಡೆಗೆ ಬಳಸುವ ಅಂಟುಗಳಲ್ಲಿ ದಿಂಡಿಗದ ಅಂಟೂ ಒಂದೆಂಬುದನ್ನು ಮನೆಯ ಹಿರಿಯರು ಬಲ್ಲರು.

ಈ ಬೆಟ್ಟಗಳ ಮೂಲನಿವಾಸಿಗಳು ಜಬಾಲಿಗಳು. ಅವರ ಮಾತು ಅರಬ್ಬೀ ಅಲ್ಲ; ಅದಕ್ಕಿಂತ ಭಿನ್ನವಾದ, ಬರಹದ ರೂಢಿಯಿಲ್ಲದ ಪ್ರಾಚೀನ ನುಡಿ. ಅರಬಸ್ತಾನವೆಂದರೆ ಒಂಟೆಯೆಂದೇ ತಿಳಿದಿದ್ದ ನಮಗೆ ಇವರ ನಿಜವಾದ ಸಂಪತ್ತು ದನಗಳೆಂದು ತಿಳಿದಾಗ ಸಂತೋಷವಾಯಿತು. ಗಿಡ್ಡ ಜಾತಿಯ, ಕಪ್ಪು ಕಂದು ಬಣ್ಣದ ಹಸುಗಳು. ಮಳೆಗಾಲದಲ್ಲಿ ಬೆಟ್ಟದ ಕೆಸರಿಗೆ ಅಂಜುವ ಒಂಟೆಗಳನ್ನು ಬಯಲಿಗೆ ಇಳಿಸುತ್ತಾರೆ. ದನಗಳು ಮೇಲೆಯೇ ಮೇಯುತ್ತವೆ. ಬೇಸಗೆಯಲ್ಲಿ ಹುಲ್ಲು ಮುಗಿದಾಗ ಒಣಗಿದ ಮೀನನ್ನೇ ದನಗಳಿಗೆ ತಿನ್ನಿಸುವುದು ಹಿಂದಿನಿಂದ ಬಂದ ರೂಢಿ. ಇಬ್ನ್ ಬತೂತನೂ ಇದನ್ನು ಕಂಡು ಬೆರಗಾಗಿದ್ದ. ನಮ್ಮ ತಾಯಿಯವರು ಇದನ್ನು ಕೇಳಿ "ಬಸವಣ್ಣಗ ಮೀನಾ!" ಎಂದು ಕಿವಿ ಮುಚ್ಚಿಕೊಂಡರು.

ಈ ಜನ ಬಹಳ ಕಷ್ಟ ಕಂಡವರು. 1970ರಲ್ಲಿ ಸುಲ್ತಾನ್ ಕಾಬೂಸ್ ಪಟ್ಟಕ್ಕೆ ಬರುವಾಗ ಇಡೀ ಒಮಾನ್ ದೇಶದಲ್ಲಿ ಇದ್ದದ್ದು ಮೂರು ಶಾಲೆ, ಸುಮಾರು ಹತ್ತು ಕಿಲೋಮೀಟರ್ ಡಾಂಬರು ರಸ್ತೆ. ದೋಫಾರದಲ್ಲಿ 1960ರ ದಶಕದ ನಡುವಿನಿಂದ 1970ರ ದಶಕದ ನಡುವಿನವರೆಗೆ ಅಂತರ್ಯುದ್ಧ ನಡೆಯಿತು. ಇಂದು ಬೆಟ್ಟದ ಮೂಲೆ ಮೂಲೆಗೂ ರಸ್ತೆ, ಶಾಲೆ, ವಿದ್ಯುತ್ತು ಇವೆ. ಸಲಾಲಾದಲ್ಲಿಯೇ ಹುಟ್ಟಿದ, 2020ರ ಜನವರಿಯಲ್ಲಿ ತೀರಿಕೊಂಡ ಆ ದೊರೆಯ ತಾಯಿ ಇದೇ ಬೆಟ್ಟದ ಕುಲದ ಹೆಣ್ಣುಮಗಳು. ತಾಖಾದಲ್ಲಿ ಆಕೆಯ ಸಮಾಧಿಯಿದೆ.

ಶ್ರಾವಣದ ಎರಡನೆಯ ಸೋಮವಾರ, ಆಗಸ್ಟ್ 12. ಬೆಳಗಿನ ಪೂಜೆ ಮುಗಿಸಿ ವಾದಿ ದರ್ಬಾತ್ ಎಂಬ ಕಣಿವೆಗೆ ಹೊರಟೆವು. ಮಳೆಗಾಲದಲ್ಲಿ ಹತ್ತು ಲಕ್ಷದ ಆಸುಪಾಸು ಜನ ಸಲಾಲಾಕ್ಕೆ ಬರುತ್ತಾರೆ. ಅವರೆಲ್ಲರೂ ಅಂದೇ ದರ್ಬಾತಿಗೆ ಬಂದಂತಿತ್ತು. ಗದ್ದಲ ಬೇಡವೆಂದು ಕಾರನ್ನು ಮೇಲಕ್ಕೆ, ಮದೀನತ್ ಅಲ್ ಹಕ್ ಎಂಬ ಬೆಟ್ಟದ ಊರಿನ ಕಡೆಗೆ ತಿರುಗಿಸಿದೆವು. ಅಲ್ಲಿ ರಸ್ತೆ ಬಿಟ್ಟು ಒಂದು ಇಳಿಜಾರಿನ ಕಾಡಿನಲ್ಲಿ ನಡೆದಾಡಿದೆವು. ಎಂಥ ನಿಶ್ಶಬ್ದ! ಎಲೆಯಿಂದ ಹನಿ ಬೀಳುವ ಸದ್ದು, ದೂರದಲ್ಲೆಲ್ಲೋ ಒಂದು ಕರುವಿನ ಕೂಗು, ಅಷ್ಟೇ. ತಾಯಿಯವರು ಕೊಡೆ ಊರಿಕೊಂಡು, ಮೊಮ್ಮಗಳ ಕೈ ಹಿಡಿದು, ಬಹಳ ಹೊತ್ತು ಓಡಾಡಿದರು. ಎರಡು ಸಲ ಜಾರಿದರು. ಕಾರಿನಿಂದ ತಂದ ಚಾಪೆಯ ಮೇಲೆ ಮರದಡಿ ಕುಳಿತು ರೊಟ್ಟಿ ತಿಂದರು.

ಸಂಜೆ ತಾಖಾ ಸಮೀಪಿಸುತ್ತಿದ್ದಾಗ ಅವರು ಸೆರಗಿನೊಳಗೆ ಕೈಯಿಟ್ಟವರು ಹಾಗೆಯೇ ಉಳಿದರು. ಶಿವದಾರ ಕಡಿದಿತ್ತು. ಕರಡಿಗೆ ಇರಲಿಲ್ಲ.

ಇಷ್ಟಲಿಂಗ ಕಳೆಯುವುದೆಂದರೆ ಏನೆಂದು ಈ ಪತ್ರಿಕೆಯ ಓದುಗರಿಗೆ ವಿವರಿಸಬೇಕಾಗಿಲ್ಲ. ಲಿಂಗ ಬಿದ್ದುಹೋದರೆ ಪ್ರಾಣವನ್ನೇ ಬಿಟ್ಟ ಭಕ್ತರ ಕಥೆಗಳನ್ನು ಕೇಳುತ್ತ ಬೆಳೆದವರು ನಾವು. ತಾಯಿಯವರಿಗೆ ಅರವತ್ತಾರು ವರ್ಷಗಳ ಹಿಂದೆ, ಎಂಟರ ವಯಸ್ಸಿನಲ್ಲಿ, ಗದಗ ಸೀಮೆಯ ತವರೂರಿನಲ್ಲಿ ದೀಕ್ಷೆಯಾದ ಲಿಂಗವದು. ಅವರು ಅಳಲಿಲ್ಲ, ಒಂದು ಮಾತನ್ನೂ ಆಡಲಿಲ್ಲ. ಅದೇ ನಮಗೆ ಹೆಚ್ಚು ಅಂಜಿಕೆ ತಂದಿತು. ಕಾರು ತಿರುಗಿಸಿ ಮತ್ತೆ ಬೆಟ್ಟಕ್ಕೆ ಹೋದೆವು. ಕತ್ತಲೆ, ಮಂಜು, ಬ್ಯಾಟರಿಯ ಬೆಳಕು ಎರಡು ಹೆಜ್ಜೆಯಾಚೆ ಬಿಳಿಯ ಗೋಡೆಗೆ ಬಡಿದಂತೆ ನಿಲ್ಲುತ್ತಿತ್ತು. ನಾವು ಕುಳಿತ ಮರ ಯಾವುದೆಂದೇ ತಿಳಿಯಲಿಲ್ಲ. ರಾತ್ರಿ ಹತ್ತರ ಹೊತ್ತಿಗೆ ಹಿಂದಿರುಗಿದೆವು.

ಆ ರಾತ್ರಿ ಅವರು ನೀರನ್ನೂ ಮುಟ್ಟಲಿಲ್ಲ. ಸಕ್ಕರೆ ರೋಗಕ್ಕೆ ಎರಡು ಹೊತ್ತು ಮಾತ್ರೆ ನುಂಗುವವರು ಉಪವಾಸವಿದ್ದರೆ ಗತಿಯೇನು? ಬೆಳಗಿನ ಜಾವ ನಮ್ಮೂರ ಮಠದ ಸ್ವಾಮಿಗಳಿಗೆ ದೂರವಾಣಿ ಮಾಡಿದೆವು. ಅವರು ಎಲ್ಲವನ್ನೂ ಸಾವಧಾನವಾಗಿ ಕೇಳಿ, ದೂರವಾಣಿಯನ್ನು ತಾಯಿಯವರ ಕೈಗೆ ಕೊಡಿಸಿಕೊಂಡು ಮಾತನಾಡಿದರು. "ಅವ್ವಾ, ಅಂಗೈ ಎಲ್ಲಿಗೂ ಹೋಗಿಲ್ಲಲ್ಲ? ಅದನ್ನ ನೋಡಕೋತ ಕೂಡ್ರು. ನೀರು ತಗೋ, ಮಾತ್ರಿ ತಗೋ. ಹುಡುಕಸ್ರಿ. ಸಿಗಲಿಲ್ಲಂದ್ರ ಊರಿಗೆ ಬಂದ ಮ್ಯಾಲೆ ನಾವು ಕೊಡತೀವಿ" ಎಂದರು. ಗುರುವಿನ ಮಾತೆಂದು ತಾಯಿಯವರು ನೀರು ಕುಡಿದರು, ಮಾತ್ರೆ ಮತ್ತು ಒಂದು ಚಮಚೆ ಸಕ್ಕರೆ ತೆಗೆದುಕೊಂಡರು. ಅನ್ನಕ್ಕೆ ಮಾತ್ರ ಒಪ್ಪಲಿಲ್ಲ. ಬರಿದಾದ ಎಡ ಅಂಗೈಯನ್ನು ಎದೆಯ ಮಟ್ಟಕ್ಕೆ ಹಿಡಿದು ಒಂದು ಗಂಟೆ ಕುಳಿತಿದ್ದರು. ಮಗ್ಗುಲಲ್ಲಿ ಮೊಮ್ಮಗಳೂ ಕುಳಿತಿದ್ದಳು. ಅಲ್ಲಿಯೇ ಹುಟ್ಟಿ ಬೆಳೆದ ಒಂಬತ್ತು ವರ್ಷದ ಆ ಹುಡುಗಿಗೆ ಇನ್ನೂ ದೀಕ್ಷೆಯಾಗಿಲ್ಲ. ಮುಂದಿನ ವರ್ಷ, ಮುಂದಿನ ವರ್ಷವೆಂದು ತಂದೆ ಮುಂದೂಡುತ್ತ ಬಂದಿದ್ದ.

ಮಂಗಳವಾರ ಬೆಳಿಗ್ಗೆ ಮತ್ತೆ ಬೆಟ್ಟ. ರಸ್ತೆಯ ಬದಿಯಲ್ಲಿ ಮಲಬಾರಿನ ಒಬ್ಬರ ಚಹದ ಅಂಗಡಿಯಿತ್ತು. ವಿಷಯ ತಿಳಿದೊಡನೆ ಅವರು ಒಲೆ ಆರಿಸಿ, ತಮ್ಮ ಕೈಕೆಳಗಿನ ಇಬ್ಬರು ಹುಡುಗರನ್ನು ಕರೆದುಕೊಂಡು ನಮ್ಮೊಡನೆ ಬಂದರು. ಮೂವರೂ ಮುಸಲ್ಮಾನರು. ಕಳೆದದ್ದು ಏನೆಂದು ಹೇಳುವುದು ಹೇಗೆಂದು ನಾವು ತಡವರಿಸುತ್ತಿದ್ದಾಗ, "ಅಮ್ಮನ ದೇವರಲ್ಲವೇ, ಸಾಕು" ಎಂದರು. ಮೂರು ಗಂಟೆ ಹುಲ್ಲನ್ನು ಕೈಯಿಂದ ಸರಿಸಿ ಸರಿಸಿ ಹುಡುಕಿದೆವು. ಸಿಗಲಿಲ್ಲ. ದನಗಳು ಎಲ್ಲ ಕಡೆ ತುಳಿದಾಡಿದ್ದವು. ನಿಜ ಹೇಳಬೇಕೆಂದರೆ ನಾವು ಆಸೆ ಬಿಟ್ಟಿದ್ದೆವು.

ಮಧ್ಯಾಹ್ನ ಒಬ್ಬ ಮುದುಕ ಮಂಜಿನೊಳಗಿನಿಂದ ಬಂದ. ಮೊಣಕಾಲವರೆಗೆ ಸುತ್ತಿದ ಪಂಚೆಯಂತಹ ಉಡುಗೆ, ತಲೆಗೆ ವಸ್ತ್ರ, ಕೈಯಲ್ಲಿ ಕೋಲು, ಹಿಂದೆ ಏಳೆಂಟು ಹಸುಗಳು. ಚಹದ ಅಂಗಡಿಯವರು ಅರಬ್ಬೀಯಲ್ಲಿ ಕೇಳಿದರು. ಅವನು ಏನೂ ಹೇಳದೆ, ಬನ್ನಿರೆಂದು ಕೋಲು ತೋರಿಸಿ ಮುಂದೆ ನಡೆದ. ನಾವು ಹುಡುಕುತ್ತಿದ್ದ ಕಡೆಯಿಂದ ಇನ್ನೂರು ಮಾರು ಕೆಳಗೆ ಒಂದು ದೊಡ್ಡ ಮರ. ಅದರ ಕೊಂಬೆಯಲ್ಲಿ, ಆಳೆತ್ತರದಲ್ಲಿ, ಕಡಿದ ಶಿವದಾರಕ್ಕೆ ಗಂಟು ಹಾಕಿ ಬೆಳ್ಳಿಯ ಕರಡಿಗೆಯನ್ನು ತೂಗಹಾಕಿತ್ತು. ಸೋಮವಾರ ಸಂಜೆಯೇ ಅವನಿಗೆ ಸಿಕ್ಕಿತ್ತಂತೆ. ತಾಯಿತದಂತಹ ವಸ್ತು, ಯಾರದೋ ಪ್ರಾರ್ಥನೆ ಇದರಲ್ಲಿದೆ, ದನದ ಕಾಲಿಗೆ ಸಿಗಬಾರದು. ಮನೆಗೆ ಒಯ್ದರೆ ಕಳೆದವರು ಬಂದಾಗ ಸಿಗದು. ಆದ್ದರಿಂದ ಮೇಲೆ ಕಟ್ಟಿದೆನೆಂದ. ತೆರೆದು ನೋಡಿದೆಯಾ ಎಂದು ಕೇಳಿದ್ದಕ್ಕೆ, ನನ್ನದಲ್ಲದ್ದನ್ನು ನಾನೇಕೆ ತೆರೆಯಲಿ ಎಂದನಂತೆ.

ನಾವು ಕೈ ಚಾಚಲು ಹೋದಾಗ ತಾಯಿಯವರು ತಡೆದರು. ತಾವೇ ತೆಗೆದುಕೊಳ್ಳಬೇಕು. ಕೊಂಬೆ ಎಟುಕಲಿಲ್ಲ. ಮುದುಕನೇ ಕೋಲಿನ ಕೊಕ್ಕೆಯಿಂದ ಕೊಂಬೆಯನ್ನು ಬಗ್ಗಿಸಿ ಹಿಡಿದ. ಕರಡಿಗೆಯ ಮೇಲೆ ಕೆಸರಿತ್ತು. ಒಳಗಿನ ವಸ್ತ್ರ ಒಣಗಿಯೇ ಇತ್ತು.

ಹಣ ಕೊಡಹೋದೆವು. ಮುದುಕ ಮುಖ ತಿರುಗಿಸಿದ. ಸೋದರನು ಮೆಲ್ಲಗೆ ನಮ್ಮ ಕೈ ಹಿಂದಕ್ಕೆಳೆದ. ತಾಯಿಯವರು ಚೀಲದಿಂದ ಶೇಂಗಾ ಉಂಡೆಯ ಡಬ್ಬಿ ತೆಗೆದು ಅವನ ಮುಂದೆ ಹಿಡಿದರು. ಅದನ್ನು ಎರಡೂ ಕೈಯಿಂದ ತೆಗೆದುಕೊಂಡ. ಆಮೇಲೆ ಅವರು ಹತ್ತಿರದ ಹಸುವಿನ ಗಂಗೆದೊಗಲನ್ನು ಸವರಿ, ಇದು ಎಷ್ಟನೆಯ ಸೂಲು, ಎಷ್ಟು ಹಾಲು ಕೊಡುತ್ತದೆ ಎಂದು ಕನ್ನಡದಲ್ಲಿಯೇ ಕೇಳಿದರು. ಅವನು ತನ್ನ ಭಾಷೆಯಲ್ಲಿ ಏನೋ ಉತ್ತರ ಹೇಳಿದ. ಯಾರೂ ಭಾಷಾಂತರ ಮಾಡಲಿಲ್ಲ. ಇಬ್ಬರಿಗೂ ಅದರ ಅಗತ್ಯ ಕಾಣಲಿಲ್ಲ.

ಆ ದೇಶದಲ್ಲಿ ಅನ್ಯಧರ್ಮೀಯರು ನಿಗದಿತ ಸ್ಥಳಗಳಲ್ಲಿ ಮತ್ತು ತಮ್ಮ ಮನೆಗಳಲ್ಲಿ ಪೂಜೆ ಮಾಡುವುದು ರೂಢಿ. ಬಯಲಲ್ಲಿ ಬೇಡವೆಂದು ಕಾರಿನ ಹಿಂದಿನ ಆಸನದಲ್ಲಿ ಬಾಗಿಲು ಹಾಕಿಕೊಂಡು ತಾಯಿಯವರು ಪೂಜೆಗೆ ಕುಳಿತರು. ಬಾಟಲಿಯ ನೀರು, ವಿಭೂತಿ, ಒಂದು ಕಾಡುಹೂವು. ನೈವೇದ್ಯಕ್ಕೆ ಆ ಹಸುವಿನ ಹಾಲು. ಮುದುಕನೇ ಕರೆದು ಚಹದ ಅಂಗಡಿಯ ಲೋಟದಲ್ಲಿ ತಂದುಕೊಟ್ಟಿದ್ದ. ಅನ್ಯರ ಕೈ ಸೋಂಕಿದ ಲಿಂಗಕ್ಕೆ ಮೊದಲು ಶುದ್ಧಿಯಾಗಬೇಡವೇ ಎಂದು ಊರಿಗೆ ಬಂದ ಮೇಲೆ ಬಂಧುಗಳೊಬ್ಬರು ಕೇಳಿದರು. "ಕಾಲಿಗೆ ಸಿಗಬಾರದಂತ ಎತ್ತಿ ಮ್ಯಾಲೆ ಕಟ್ಟಿದವನ ಕೈ ಅನ್ಯರದು ಹ್ಯಾಂಗ ಆದೀತು?" ಎಂದು ತಾಯಿಯವರು ಅಂದರು. ಸ್ವಾಮಿಗಳು ಅದೇ ಲಿಂಗಕ್ಕೆ ಹೊಸ ಶಿವದಾರ ಕೊಟ್ಟರು, ಈ ಸಲ ಎರಡೆಳೆಯದು.

ಉಳಿದ ದಿನಗಳಲ್ಲಿ ಇನ್ನೂ ಹಲವು ಕಡೆ ಹೋದೆವು. ಪಶ್ಚಿಮದ ಮುಗ್ಸೈಲ್ ತೀರದಲ್ಲಿ ಬಂಡೆಯ ಬಿಲಗಳೊಳಗಿಂದ ಸಮುದ್ರದ ನೀರು ಗುಂಡು ಹಾರಿಸಿದ ಸದ್ದಿನೊಡನೆ ಹತ್ತಾರು ಅಡಿ ಮೇಲಕ್ಕೆ ಚಿಮ್ಮುತ್ತದೆ. ಪೂರ್ವದ ತಾವಿ ಅತೈರ್‌ನಲ್ಲಿ ನೆಲ ಕುಸಿದು ಉಂಟಾದ, ಇನ್ನೂರು ಮೀಟರಿಗಿಂತ ಆಳದ ಕುಳಿಯೊಂದಿದೆ. ಹಕ್ಕಿಗಳ ಬಾವಿಯೆಂದು ಅದರ ಹೆಸರು. ಹೋಗಬಯಸುವವರಿಗೆ ಒಂದು ಸೂಚನೆ: ಜುಲೈ, ಆಗಸ್ಟ್‌ನಲ್ಲಿ ಹಸುರಿದೆ, ಆದರೆ ಜನಸಂದಣಿ, ದುಬಾರಿ ಬಾಡಿಗೆ, ಸಮುದ್ರದ ಅಬ್ಬರ ಎಲ್ಲವೂ ಇವೆ. ಸೆಪ್ಟೆಂಬರ್ ಕೊನೆಯಲ್ಲಿ ಹೋದರೆ ಮಂಜು ಹರಿದು ಹಸುರು ಇನ್ನೂ ಉಳಿದಿರುತ್ತದೆಂದು ಸೋದರನು ಹೇಳುತ್ತಾನೆ. ಶಾಕಾಹಾರಕ್ಕೆ ಕೇರಳದವರ ಹೋಟೆಲುಗಳಲ್ಲಿ ತೊಂದರೆಯಿಲ್ಲ. ಇಳಿಜಾರಿನಲ್ಲಿ ನಡೆಯುವ ಹಿರಿಯರು ಮೊದಲು ಶಿವದಾರವನ್ನು ಪರೀಕ್ಷಿಸಿಕೊಳ್ಳಲಿ.

ಹಫಾ ಪೇಟೆಯಲ್ಲಿ ಬುರ್ಖಾ ಧರಿಸಿದ ಹೆಂಗಸರು ಮಣ್ಣಿನ ಧೂಪಾರತಿಗಳನ್ನೂ ಲುಬಾನಿನ ರಾಶಿಗಳನ್ನೂ ಇಟ್ಟುಕೊಂಡು ಕುಳಿತಿರುತ್ತಾರೆ. ಅಲ್ಲಿ ಅರ್ಧ ಕಿಲೋ ಹೊಜರಿ ಕೊಂಡೆವು. ಚೌಕಾಶಿಯಲ್ಲಿ ನಮ್ಮ ತಾಯಿಯವರಿಗೂ ಆ ಹೆಂಗಸರಿಗೂ ಸರಿಜೋಡಿಯಾಯಿತು. ಕಳೆದ ಸಂಕ್ರಮಣಕ್ಕೆ ಸೋದರನು ಕುಟುಂಬದೊಡನೆ ಊರಿಗೆ ಬಂದಾಗ ಮೊಮ್ಮಗಳ ದೀಕ್ಷೆ ನಡೆಯಿತು. ಅಂದು ಬಂದವರೆಲ್ಲ ಈ ವಾಸನೆ ಯಾವ ಊದಿನಕಡ್ಡಿಯದೆಂದು ಕೇಳುತ್ತಿದ್ದರು. ಲುಬಾನ್ ಈಗ ಡಬ್ಬಿಯ ತಳ ಸೇರಿದೆ. ಜೂನ್ ಮುಗಿಯುತ್ತ ಬಂದರೆ ತಾಯಿಯವರು ಮಗನಿಗೆ ದೂರವಾಣಿಯಲ್ಲಿ ಮೊದಲು ಕೇಳುವುದು, "ಆ ಗುಡ್ಡಕ್ಕ ಮಂಜು ಇಳೀತೇನಪಾ? ದನಕ್ಕ ಹುಲ್ಲು ಬಂತೇನು?"